ಗಲ್ಲಾ ಡಬ್ಬಿಯ ಬೆಕ್ಕು

ಆ ದಿನ ಮಾಳಸಿದ್ದನಿಗೆ ಹಚ್ಚಿದ್ದ ಕೆಲಸ ಒಂದೇ. ಗಲ್ಲಾ ಡಬ್ಬಿಯೊಳಗಿನ ಬೆಕ್ಕನ್ನು ಹೊರಗೆ ಹಾಕುವುದು.

ಡಬ್ಬಿ ಎಂದರೆ ರೈಲಿನ ಬೋಗಿ; ಒಂದು ಕಾಲಕ್ಕೆ ಅದು ರೈಲಿನ ಬಾಲಕ್ಕೆ ಕಟ್ಟಿಸಿಕೊಂಡು ಊರೂರು ತಿರುಗಿ ಟಿಕೆಟ್ಟಿನ ದುಡ್ಡು ತುಂಬಿಕೊಂಡು ಹೋಗುತ್ತಿತ್ತು. ಮಾಸ್ತರರು ಚರ್ಮದ ಚೀಲಕ್ಕೆ ಅರಗಿನ ಮುದ್ರೆ ಒತ್ತಿ, ಡಬ್ಬಿಯ ಗೋಡೆಯಲ್ಲಿದ್ದ ಕಬ್ಬಿಣದ ಬಾಯಿಗೆ ಹಾಕಿದರೆ, ಅದು ಒಳಗಿನ ತಿಜೋರಿಗೆ ಬೀಳುತ್ತಿತ್ತು. ಹಾಕಲು ಬರುತ್ತಿತ್ತು, ತೆಗೆಯಲು ಬರುತ್ತಿರಲಿಲ್ಲ; ಸರಕಾರಿ ಕಚೇರಿಗೆ ಕೊಟ್ಟ ಅರ್ಜಿಯ ಹಾಗೆ. ಈಗ ಜನ ಮೊಬೈಲಿನಲ್ಲೇ ಟಿಕೆಟ್ ತೆಗೆಯುತ್ತಾರೆ. ಡಬ್ಬಿ ರಾಯಬಾಗದ ಆಚೆಗಿನ ಪುಟ್ಟ ಸ್ಟೇಶನ್ನಿನ ಬದಿ ಹಳಿಯ ಮೇಲೆ, ಕಬ್ಬಿನ ಹೊಲಕ್ಕೆ ಬೆನ್ನು ಹಾಕಿ, ತುಕ್ಕು ಹಿಡಿಯುತ್ತ ನಿಂತಿತ್ತು.

ಅದರೊಳಗೆ ಒಂದು ಕರಿ ಬೆಕ್ಕು. ಪ್ಯಾಸೆಂಜರ್ ಗಾಡಿ ಬಂದಾಗಲೆಲ್ಲ ಅದು ಟಿಕೆಟ್ ಕಿಟಕಿಯ ಕೆಳಗಿನಿಂದ ಏಳುತ್ತಿತ್ತು. ಯಾರದೋ ಕೈಯಲ್ಲಿರುವ ಚೀಲವನ್ನು ಕಾಯುವ ಪೊಲೀಸನಂತೆ ಅತ್ತಿತ್ತ ನೋಡುತ್ತ ಡಬ್ಬಿಯವರೆಗೆ ನಡೆದು, ಆ ಕಬ್ಬಿಣದ ಬಾಯಿಯನ್ನೇ ದಿಟ್ಟಿಸುತ್ತಿತ್ತು. ಯಾರೂ ಏನೂ ಹಾಕುತ್ತಿರಲಿಲ್ಲ. ಆದರೂ ಕೆಲವು ಸಲ ಒಳಗಿನಿಂದ 'ಠಣ್' ಎಂದು ಸದ್ದು ಬರುತ್ತಿತ್ತು.

ಡಬ್ಬಿಯನ್ನು ಯಾವುದೋ ವಸ್ತು ಸಂಗ್ರಹಾಲಯಕ್ಕೆ ಒಯ್ಯುವ ಹುಕುಂ ಬಂದಿತ್ತು. ಸ್ಟೇಶನ್ ಮಾಸ್ತರ ವಿಕ್ರಾಂತ ಬೆಳಿಗ್ಗೆಯೇ ಕರೆದು ಹೇಳಿದ್ದ: "ಗೂಡ್ಸ್ ಗಾಡಿ ಬರೂದ್ರಾಗ ಡಬ್ಬಿ ಝಾಡಿಸಿ ಇಡು. ಒಳಗ ಬೆಕ್ಕಿನ ಒಂದು ಕೂದಲಾ ಕಂಡ್ರೂ ನಾಳಿಂದ ನೀ ಬರೂದ ಬ್ಯಾಡ."

ಮಾಳಸಿದ್ದ ಗುತ್ತಿಗೆಯ ಮೇಲಿದ್ದ ಕಸಗುಡಿಸುವವ. ಈ ಕೆಲಸ ಹೋದರೆ ತನ್ನೂರು ಪಾಲಬಾವಿಗೆ ಮರಳಿ ಅಣ್ಣಂದಿರ ಕುರಿ ಕಾಯಬೇಕು. ಅಷ್ಟೇ ಅಲ್ಲ, ಸತ್ತೆವ್ವನ ಅಪ್ಪ 'ವರಾ ರೇಲ್ವೇದಾಗ ಅದಾನ' ಎಂಬ ಒಂದೇ ಮಾತಿಗೆ ಮಗಳನ್ನು ಕೊಡಲು ಒಪ್ಪಿದ್ದ.

ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಿಗ್ನಲ್ ಕಂಬ ಸೊಂಟದ ಮೇಲೆ ಕಾಣುತ್ತಿರಲಿಲ್ಲ. ಮಾಳಸಿದ್ದ ಬೆಕ್ಕನ್ನು ಗೋಣಿಚೀಲದಲ್ಲಿ ಹಿಡಿದು, ಜುಗೂಳದ ಕಡೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಎಸೆದ. ಚೀಲ ಟ್ರ್ಯಾಕ್ಟರಿನೊಂದಿಗೆ ಮಂಜಿನಲ್ಲಿ ಕರಗಿತು. ಕೈ ಝಾಡಿಸಿಕೊಂಡು ತಿರುಗಿ ನೋಡಿದರೆ ಡಬ್ಬಿಯ ಮೆಟ್ಟಿಲ ಮೇಲೆ ಬೆಕ್ಕು ಕೂತು ಕಾಲು ನೆಕ್ಕುತ್ತಿತ್ತು. ಸುತ್ತಲಿನ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿತ್ತು. ಬೆಕ್ಕಿನ ಕಾಲುಗಳು ಮಾತ್ರ ಒಣಗಿಯೇ ಇದ್ದವು.

ಪ್ಲಾಟ್‌ಫಾರ್ಮಿನ ಮೇಲೆ ಚಹಾ ಮಾರುವ ಪದ್ಮವ್ವ ಇದನ್ನೆಲ್ಲ ನೋಡುತ್ತಿದ್ದಳು. "ಅದು ಬೆಕ್ಕಲ್ಲೋ ತಮ್ಮಾ. ನಾ ಲಗ್ನಾಗಿ ಬಂದಾಗೂ ಅದು ಇಷ್ಟ ಇತ್ತು."

"ಹಂಗಾರ ಏನಬೇ ಅದು?"

"ಚಾ ಕುಡಿ."

ಮಾಳಸಿದ್ದ ಚಹಾ ಮುಟ್ಟದೆ ಎರಡು ಹೆಜ್ಜೆ ಹಿಂದೆ ಸರಿದ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಭರಮು ಧೈರ್ಯ ಹೇಳಲು ಬಂದ. "ಅಕೀ ಮಾತ ಕೇಳಬ್ಯಾಡೋ. ಒಣಮೀನ ತೋರಸು, ಹಿಂದಿಂದ ಬರ್ತೈತಿ."

ಮೊಬೈಲನ್ನು ಪದ್ಮವ್ವನ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟು, ಒಣಮೀನು ಹಿಡಿದು, ಮಂಜಿನಲ್ಲಿ ಯಾರಿಗೂ ಕಾಣದೆ ಮಾಳಸಿದ್ದ ಡಬ್ಬಿ ಹತ್ತಿದ. ಬೆಕ್ಕು ತಿಜೋರಿಯ ಹಿಂದೆ ಸರಿಯಿತು. ಅವನು ಮೊಣಕಾಲೂರಿ ಅದರ ಹಿಂದೆ ತೆವಳಿದ. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂದು ಡಬ್ಬಿಗೆ ಕೊಂಡಿ ಬಿತ್ತು. ಹೊರಗೆ ಪದ್ಮವ್ವನ ದನಿ ಕೇಳಿಸಿತು: "ಭರಮೂ, ಬಾಗಿಲಾ ತೆರಕೊಂಡೈತಲ್ಲೋ, ಬೆಕ್ಕ ಮತ್ತ ಒಳಗ ಹೋದೀತು!" ಭರಮು ಹೊರಗಿನಿಂದ ಅಗುಳಿ ಜಡಿದ. ಅದೇ ಹೊತ್ತಿಗೆ ಇಂಜಿನ್ ಕೂಗಿದ್ದರಿಂದ ಮಾಳಸಿದ್ದ ಕೂಗಿದ್ದು ಯಾರಿಗೂ ಕೇಳಲಿಲ್ಲ.

ಒಳಗೆ ಕಾಡಿಗೆಯಂಥ ಕತ್ತಲು. ತಿಜೋರಿಯ ಮೇಲೆ ಎರಡು ಹಸಿರು ಕಣ್ಣು. ಕಣ್ಣು ರೆಪ್ಪೆ ಹೊಡೆಯಲಿಲ್ಲ.

ಚಿಂಚಲಿಯಲ್ಲಿ ಗಾಡಿ ನಿಂತಿತು. ಮಾಳಸಿದ್ದ ಗೋಡೆ ಗುದ್ದಿ, ಕಬ್ಬಿಣದ ಬಾಯಿಗೆ ಮುಖ ಹಚ್ಚಿ ಅರಚಿದ: "ಬಾಗಿಲಾ! ಬಾಗಿಲಾ!" ಮಾಯಕ್ಕ ದೇವಿಯ ದರ್ಶನಕ್ಕೆ ಬಂದಿದ್ದ ಜನ ಪ್ಲಾಟ್‌ಫಾರ್ಮಿನ ಮೇಲೆ ತುಂಬಿದ್ದರು. ಕಬ್ಬಿಣದ ಬಾಯಿಯಿಂದ ಹೊರಬಿದ್ದ ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು.

"ಡಬ್ಬಿ ಮಾತಾಡಾಕತ್ತೈತ್ರೋ!" ಎಂದು ಯಾರೋ ಚೀರಿದರು.

"ಏನ್ ಕೇಳಾಕತ್ತೈತಿ?"

"ಬಾಕಿ! ಬಾಕಿ ಕೇಳಾಕತ್ತೈತಿ!"

ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಬಂದು ಕಬ್ಬಿಣದ ಬಾಯಿಗೆ ನಾಣ್ಯ ಹಾಕಿದಳು. "ಟಿಕೆಟ್ ಇಲ್ದ ಬಂದಿದ್ನೆಪ್ಪಾ, ತಪ್ಪಾತು!"

ಠಣ್.

ಅವಳ ಹಿಂದೆ ಅರ್ಧ ಪ್ಲಾಟ್‌ಫಾರ್ಮು ಸಾಲು ಹಚ್ಚಿತು. ಎಂದೋ ಕದ್ದು ಕೂತವರು, ದೊಡ್ಡ ಮಗನನ್ನು ಸಣ್ಣವನೆಂದು ಹೇಳಿ ಅರ್ಧ ಟಿಕೆಟ್ ತೆಗೆದವರು ಎಲ್ಲರೂ ಬಂದರು. ನಾಣ್ಯದ ಜೊತೆಗೆ ದೇವಿಯ ಭಂಡಾರದ ಅರಿಶಿಣವೂ ಉದುರಿ ಮಾಳಸಿದ್ದನ ಮುಖವೆಲ್ಲ ಹಳದಿಯಾಯಿತು. "ನಾ ದೇವರಲ್ರೋ, ನಾ ಮಾಳಸಿದ್ದ!" ಎಂದು ಅವನು ಬೊಬ್ಬೆ ಹೊಡೆದ. "ಮಾಳಸಿದ್ದ ಅಂತ! ಸಿದ್ಧರೂ ಒಳಗ ಅದಾರ!" ಎಂದು ಜನ ಕೈ ಮುಗಿದು ಇನ್ನಷ್ಟು ಹಾಕಿದರು. ಪ್ರತಿ ನಾಣ್ಯಕ್ಕೂ ಬೆಕ್ಕು ಒಂದೊಂದು ಸಲ 'ಮ್ಯಾಂವ್' ಎನ್ನುತ್ತಿತ್ತು, ಪಾವತಿ ಹರಿದು ಕೊಡುವವನ ಹಾಗೆ.

ಸುದ್ದಿ ಗಾಡಿಗಿಂತ ಮುಂದೆ ಓಡಿತು. ಕುಡಚಿಯಲ್ಲಿ ಜನ ತೆಂಗಿನಕಾಯಿ ಹಿಡಿದು ನಿಂತಿದ್ದರು. ಮಾಳಸಿದ್ದನ ಗಂಟಲು ಅಷ್ಟರಲ್ಲಿ ಕಟ್ಟಿಹೋಗಿತ್ತು. ಹೊರಟ ಬರೇ ಗೊರಗೊರ ಸದ್ದಿಗೆ ಜನ ಇನ್ನೂ ಹೆಚ್ಚು ಹೆದರಿದರು.

ಗಾಡಿ ಕೃಷ್ಣಾ ನದಿಯ ಸೇತುವೆ ಏರಿತು. ಕೆಳಗೆ ನೀರು, ಒಳಗೆ ಕತ್ತಲು. ಸೇತುವೆಯ ಗುಡುಗಿನ ನಡುವೆ ಬೀಡಿಯ ವಾಸನೆ ಬಂತು. ಮಾಳಸಿದ್ದ ಬೀಡಿ ಸೇದುವವನಲ್ಲ. ಯಾರೋ ಅವನ ಪಕ್ಕದಲ್ಲಿಯೇ, ದಿನದ ಕೆಲಸ ತೀರಿದವರಂತೆ, ನೆಮ್ಮದಿಯಿಂದ ಉಸಿರು ಬಿಟ್ಟರು. ಅವನು ಒಣಮೀನನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದ. ಸತ್ತೆವ್ವನ ಮುಖ ನೆನೆಯಲು ನೋಡಿದ. ನೆನಪಿಗೆ ಬಂದದ್ದು ಅವಳ ಅಪ್ಪನ ಮುಖ.

ಗಡಿಯಾಚೆಯ ದೊಡ್ಡ ಯಾರ್ಡಿನಲ್ಲಿ ಅಗುಳಿ ಸರಿದಾಗ ಹೊತ್ತು ಮುಳುಗುತ್ತಿತ್ತು. ಮಾಳಸಿದ್ದ ಕಣ್ಣು ಬಿಟ್ಟು, ಅರಿಶಿಣ ಮೆತ್ತಿದ ಮೈಯಲ್ಲಿ ಹೊರಗೆ ಉರುಳಿದ. ಎದುರಿಗೆ ಕರಿ ಪ್ಯಾಂಟಿನ ಟಿ.ಸಿ. ಕೈ ಚಾಚಿ ನಿಂತು ಮರಾಠಿಯಲ್ಲಿ ಟಿಕೆಟ್ ಕೇಳಿದ.

"ತಿಕೀಟ ದಾಖವಾ."

ಮಾಳಸಿದ್ದ ಕಟ್ಟಿದ ಗಂಟಲಿನಲ್ಲಿಯೇ ನಡೆದದ್ದನ್ನೆಲ್ಲ ಹೇಳಿದ. ಟಿ.ಸಿ. ಕನ್ನಡ ಬಲ್ಲವನು, ಪೂರ್ತಿ ಕೇಳಿದ, ತಲೆ ಆಡಿಸಿದ, ದಂಡದ ಪಾವತಿ ಹರಿದ.

"ಸಾಹೇಬ್ರ, ತಿಜೋರಿ ತುಂಬ ರೊಕ್ಕ ಐತ್ರಿ. ನನ್ನ ದನಿ ಕೇಳಿ ಹಾಕ್ಯಾರ. ಅದರಾಗ ಮುರಕೋರಿ."

"ತಿಜೋರಿ ರೇಲ್ವೇದು. ಅದರಾಗ ಬಿದ್ದದ್ದೂ ರೇಲ್ವೇದು. ನಿನ್ನ ಕಿಸೆ ತಗಿ."

ಮಾಳಸಿದ್ದ ಮಂಗಳಸೂತ್ರದ ಮುಂಗಡಕ್ಕೆಂದು ಕಿಸೆಯಲ್ಲಿ ಮಡಿಸಿಟ್ಟುಕೊಂಡಿದ್ದ ನೋಟುಗಳಿಂದ ದಂಡ ತೆತ್ತ. ಟಿ.ಸಿ. ಮತ್ತೊಂದು ಪಾವತಿ ಹರಿದ.

"ಇದ್ಯಾತರದ್ರೀ? ಬೆಕ್ಕಿಗೂ ತಿಕೀಟೇನು?"

"ಎಂಥಾ ಬೆಕ್ಕೋ? ಆ ಮುದುಕಂದು." ಟಿ.ಸಿ. ಯಾರ್ಡಿನ ಆ ತುದಿಯ ಕತ್ತಲೆಯ ಕಡೆಗೆ ಪೆನ್ನು ತೋರಿಸಿದ. "ಬಾಗಿಲಾ ತಗದ ಕೂಡ್ಲೆ ನಿನಗಿಂತ ಮೊದಲ ಇಳದಾ ಅಲ್ಲಾ, ಕರೀ ಕೋಟಿನಾಂವ? ತಿಕೀಟ ಕೇಳಿದ್ರ, 'ಇವತ್ತ ವಸೂಲಿ ಪೂರಾ ಆತು, ನನ್ನದೂ ಅವನ ಕಡೆ ತಗೋರಿ' ಅಂತ ನಿನಗ ಕೈ ಮಾಡಿ ಹ್ವಾದ."