ಅರವತ್ತನೆಯ ಆರೋಗ್ಯವಂತ

ಭಾವ: ತೆಗಿಯಮ್ಮ ಆ ಕಡ್ಡೀನ ನನ್ನ ಬಟ್ಟಲಿಂದ! ಚಹಾಕ್ಕೇನು ಜ್ವರ ಬಂದಿದ್ಯಾ?

ಚೊಲ್ಪೊನ್: ಒಂದೇ ನಿಮಿಷ ತಾತ, ಅಲ್ಲಾಡಿಸ್ಬೇಡಿ... ಎಪ್ಪತ್ನಾಲ್ಕು ಡಿಗ್ರಿ! ಅರವತ್ತೈದು ದಾಟಿದ್ರೇನೇ ಅನ್ನನಾಳಕ್ಕೆ ಅಪಾಯ.

ಭಾವ: ನನ್ನ ವಯಸ್ಸೂ ಎಪ್ಪತ್ನಾಲ್ಕೇ. ಚಹಾನೂ ನಾನೂ ಜೊತೇಲೇ ಬೆಳೆದೋರು.

ಚೊಲ್ಪೊನ್ ರಾಜಧಾನಿ ಬಿಷ್ಕೆಕ್‌ನಿಂದ ಬಂದ ಹುಡುಗಿ. ಜನ ಏನು ತಿನ್ನುತ್ತಾರೆ, ಎಷ್ಟು ಬಿಸಿ ಕುಡಿಯುತ್ತಾರೆ, ಆ ಅಭ್ಯಾಸ ಬಿಡಿಸಿ ಕ್ಯಾನ್ಸರ್ ಬಾರದಂತೆ ಹೇಗೆ ತಡೆಯಬಹುದು, ಇದು ಅವಳ ಸಂಶೋಧನೆ. ಎರಡು ತಿಂಗಳಿಂದ ನಮ್ಮೂರಲ್ಲಿ ಮನೆ ಮನೆ ಸುತ್ತುತ್ತಿದ್ದಾಳೆ. ಭಾವ ನನ್ನ ಗಂಡನ ಅಣ್ಣ. ಗೋಡೆಯಾಚೆ ಅವರ ಮನೆ. ಬೆಳಗಿನ ಚಹಾಕ್ಕೆ ನಮ್ಮಲ್ಲಿಗೆ ಬರುತ್ತಾರೆ.

ನನ್ನ ಗಂಡ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅನ್ನನಾಳದ ಕ್ಯಾನ್ಸರ್. ಮೊದಲು ರೊಟ್ಟಿ ಇಳಿಯಲಿಲ್ಲ. ಆಮೇಲೆ ಮಾಂಸ. ಆಮೇಲೆ ಸಾರು. ಆಮೇಲೆ ನೀರು. ಈಗ ಒಂದು ತಿಂಗಳಿಂದ ಭಾವ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಿದ್ದಾರೆ. ನಾರಿನ್ ಪಟ್ಟಣದ ಆಸ್ಪತ್ರೆಗೆ ಹೋಗಿ ಗಂಟಲಿಗೆ ಕೊಳವೆ ಇಳಿಸಿ ನೋಡಿಸಿಕೊಳ್ಳಿ ಎಂದರೆ ಕೇಳುವುದಿಲ್ಲ. ಈ ಹುಡುಗಿಯಾದರೂ ಹೇಳಲಿ ಎಂದು ನಾನೇ ಕರೆಸಿದ್ದೆ.

ಚೊಲ್ಪೊನ್: (ಹಾಳೆ ತಿರುವಿ) ಕಳೆದ ಏಳು ದಿನದಲ್ಲಿ ಚಹಾ ಸುರಿದ ಮೇಲೆ ನಾಲ್ಕು ನಿಮಿಷ ಕಾದಿದ್ದು ಎಷ್ಟು ಸಲ? ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ.

ಭಾವ: ಯಾಕೆ ಕಾಯ್ಬೇಕು? ಚಹಾ ಏನು ಬಸ್ಸಾ?

ಚೊಲ್ಪೊನ್: ಆರಲಿ ಅಂತ.

ಭಾವ: ಆರಿಸ್ಕೊಂಡು ಕುಡಿಯೋದಾದ್ರೆ ಸಮೋವಾರ್ ಹಂಡೆಗೆ ಕೆಂಡ ಯಾಕೆ? ಹೊಳೆಗೇ ಚಹಾ ಸೊಪ್ಪು ಎಸೆದು ಕುಡೀಬಹುದಲ್ಲ.

ನಾನು: ಭಾವ, ಕೇಳಿದ್ದಕ್ಕೆ ಉತ್ರ ಹೇಳಿ.

ಭಾವ: ಎಂದೂ ಇಲ್ಲ ಅಂತ ಹಾಕು. ದಪ್ಪಗೆ ಹಾಕು.

ಚೊಲ್ಪೊನ್: ನಮ್ಮ ಕೈಪಿಡೀಲಿ ಒಂದು ಸುಲಭ ಉಪಾಯ ಇದೆ ತಾತ. ಬಟ್ಟಲು ತುಂಬ ಸುರಿದು, ಪಕ್ಕಕ್ಕಿಟ್ಟು...

ಭಾವ: ತುಂಬ! ಕೇಳಿಸ್ಕೊಂಡ್ಯಾ? ಕಲೀಪಾ ಮನೆ ಹಾಳು ಮಾಡಿದ್ದು ಇದೇ ಪುಸ್ತಕ!

ನಮ್ಮಲ್ಲಿ ಬಟ್ಟಲಿಗೆ ಎರಡು ಬೆರಳು ಚಹಾ ಸುರಿಯುವುದು ಮರ್ಯಾದೆ. ಮತ್ತೆ ಮತ್ತೆ ಸುರಿಯುತ್ತೇವೆ, ಇನ್ನೂ ಕೂತಿರಿ ಎಂದು. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗಿ ಎಂದು. ಆ ಕೈಪಿಡಿಯನ್ನು ಯಾವುದೋ ದೇಶದಲ್ಲಿ ಬರೆದು ನಮ್ಮ ಭಾಷೆಗೆ ತಂದಿದ್ದರು. ಚಿತ್ರದಲ್ಲಿ ಹಿಡಿ ಇರುವ ಲೋಟವಿತ್ತು. ಪಕ್ಕದ ಮನೆ ಕಲೀಪಾ ಅದನ್ನು ಓದಿ, ಮಗಳನ್ನು ಕೇಳಲು ಬಂದ ಬೀಗರಿಗೆ ಅಂಚಿನವರೆಗೆ ಸುರಿದುಕೊಟ್ಟಳು.

ಭಾವ: ಬೀಗರು ಎದ್ರು. ತಂದಿದ್ದ ಕುರೀನೂ ಎಳ್ಕೊಂಡು ಹೋದ್ರು.

ಚೊಲ್ಪೊನ್: ಆರೋಗ್ಯಕ್ಕೋಸ್ಕರ ಅಂತ ಹೇಳ್ಬಹುದಿತ್ತಲ್ಲ ಅವರು.

ಭಾವ: ಹೇಳಿದ್ಲಲ್ಲ! 'ನಿಮ್ಮ ಗಂಟಲಿಗೆ ಒಳ್ಳೇದಾಗ್ಲಿ ಅಂತ ತುಂಬಿಸ್ದೆ' ಅಂದ್ಲು. 'ನಮ್ಮ ವಂಶದ ಗಂಟಲಿಗೆ ಏನು ರೋಗ' ಅಂತ ಇನ್ನೂ ಜೋರಾಗಿ ಹೋದ್ರು.

ಚೊಲ್ಪೊನ್ ತಲೆ ತಗ್ಗಿಸಿ ಏನೋ ಬರೆದುಕೊಂಡಳು.

ನಾನು: ಏನು ಬರ್ಕೊಂಡೆ?

ಚೊಲ್ಪೊನ್: 'ಒಂದು ಮನೆಯಲ್ಲಿ ಸಲಹೆ ಪಾಲಿಸಲಾಗಿದೆ.'

ನಾನು: ಅದಿರ್ಲಿ. ರೊಟ್ಟಿ ನುಂಗೋಕೆ ಕಷ್ಟ ಆಗುತ್ತಾ ಅಂತ ಇವರನ್ನ ಕೇಳು.

ಭಾವ: ನನ್ನ ಹಲ್ಲು ಸರಿಯಿಲ್ಲ.

ನಾನು: ಹೋದ ವರ್ಷ ಬಾಯಿತುಂಬ ಚಿನ್ನದ ಹಲ್ಲು ಕಟ್ಟಿಸ್ಕೊಂಡ್ರಲ್ಲ, ಅದೇನು ಬರೀ ನಗೋಕಾ?

ಚೊಲ್ಪೊನ್: ಅಕ್ಕ, ಆ ಪ್ರಶ್ನೆ ಈ ಫಾರಂನಲ್ಲಿಲ್ಲ. ಇದು ಅಭ್ಯಾಸದ್ದು. ರೋಗಲಕ್ಷಣದ್ದು ಬೇರೆ ವಿಭಾಗ. ಅವರು ಮುಂದಿನ ವರ್ಷ ಬರ್ತಾರೆ.

ನಾನು: ಬಂದು ಯಾರನ್ನ ಕೇಳ್ತಾರೆ? ಗೋರೀನಾ?

ಚೊಲ್ಪೊನ್: (ದನಿ ತಗ್ಗಿಸಿ) ಅದೂ ಅಲ್ದೆ... ಲಕ್ಷಣ ಇದ್ರೆ ಪಟ್ಟಿಯಿಂದ ತೆಗೀಬೇಕಾಗುತ್ತೆ. ನನಗೆ ಅರವತ್ತು ಜನ ಆರೋಗ್ಯವಂತರು ಬೇಕು. ಐವತ್ತೊಂಬತ್ತು ಆಗಿದಾರೆ. ಈ ಇಷೆನಾಲಿ ತಾತಾನೇ ಅರವತ್ತನೆಯವರು. ನಾಳೆ ವರದಿ ಕಳಿಸ್ಬೇಕು.

ಭಾವ: ನೋಡ್ದ್ಯಾ! ಬಿಷ್ಕೆಕ್ ಕಾಗದಾನೇ ಹೇಳುತ್ತೆ, ನಾನು ಆರೋಗ್ಯವಂತ.

ನಾನು: ಕಾಗದ ಬಂದು ನುಂಗುತ್ತಾ ನಿಮ್ಮ ರೊಟ್ಟೀನ?

ಭಾವ: ನಿನಗೆ ಒಬ್ಬ ಹೋದ ಅಂತ ಊರೋರ ಗಂಟಲಲ್ಲೆಲ್ಲ ಅದೇ ಕಾಣುತ್ತೆ.

ಆಡಬಾರದ ಮಾತು ಎಂದು ಅವರಿಗೂ ಅನ್ನಿಸಿರಬೇಕು. ಕಲ್ಪಕ್ ಟೊಪ್ಪಿ ತಲೆಗಿಟ್ಟು ಎದ್ದರು.

ನಾನು: ಹೋಗಿ. ರೊಟ್ಟಿ ಮುರಿದು ಬಾಯಿಗೆ ಹಾಕ್ಕೊಂಡು ಹೋಗಿ.

ರೊಟ್ಟಿ ಮುಂದೆ ಹಿಡಿದ ಮೇಲೆ ಮುಟ್ಟದೆ ಹೊಸಿಲು ದಾಟುವವರು ನಮ್ಮಲ್ಲಿಲ್ಲ. ಹೊಡೆದಾಡಿದವನೂ ಒಂದು ಚೂರು ತಿಂದೇ ಹೋಗುತ್ತಾನೆ. ನಾನು ಮೊನ್ನೆ ಸುಟ್ಟ ಒಣ ರೊಟ್ಟಿ ಹಿಡಿದೆ. ಇನ್ನೊಂದು ಕೈಯಿಂದ ಅವರ ಚಹಾ ಬಟ್ಟಲು ಎತ್ತಿಕೊಂಡೆ.

ಭಾವ: ಬಟ್ಟಲು ಕೊಡು.

ನಾನು: ಆರೋಗ್ಯವಂತರಿಗೆ ಯಾಕೆ?

ಭಾವ: ಒಂದು ಗುಟುಕು.

ನಾನು: ರೊಟ್ಟಿ ಉಗುರಿನಷ್ಟು ಸಾಕು ಭಾವ. ತಿಂದು ಹೊರಡಿ.

ಅವರು ಉಗುರಿನಷ್ಟೇ ಮುರಿದರು. ಅಗಿದರು. ಇಷ್ಟು ಸಣ್ಣ ಚೂರನ್ನು ಅಷ್ಟು ಹೊತ್ತು ಅಗಿಯುವುದನ್ನು ನಾನು ನೋಡಿದ್ದು ಇನ್ನೊಬ್ಬರಲ್ಲಿ ಮಾತ್ರ. ನುಂಗಿದರು. ಇಳಿಯಲಿಲ್ಲ. ಕೈ ಎದೆಗೆ ಹೋಯಿತು, ಕಣ್ಣಲ್ಲಿ ನೀರು ಬಂತು. ನಾನು ಬಟ್ಟಲು ಕೊಟ್ಟೆ. ಕುಡಿದು ಕೂತರು. ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಭಾವ: ತಮ್ಮನಿಗೂ ಮೊದಲು ಇಲ್ಲೇ ಹಿಡೀತಿತ್ತು.

ನಾನು: ಗೊತ್ತು.

ಭಾವ: ಹೋದ್ರೆ ಅದೇ ಅಂತ ಹೇಳ್ಬಿಡ್ತಾರೆ. ಅದಕ್ಕೇ ಹೋಗ್ಲಿಲ್ಲ.

ನಾನು: ನಮ್ಮನೆಯೋರೂ ಹಾಗೇ ಅಂದ್ರು. ಎಂಟು ತಿಂಗಳು ಹಾಗೇ ಅಂತಿದ್ರು. ನಾಳೆ ಬೆಳಿಗ್ಗೆ ಏಳಕ್ಕೆ ನಾರಿನ್‌ಗೆ ವ್ಯಾನ್ ಇದೆ. ನಾನೂ ಬರ್ತೀನಿ.

ಭಾವ: ನೀನ್ಯಾಕೆ?

ನಾನು: ಆಸ್ಪತ್ರೇಲಿ ಯಾವ ಬಾಗಿಲು ಅಂತ ನನಗೆ ಗೊತ್ತು.

ಚೊಲ್ಪೊನ್ ತಾನಾಗಿಯೇ ಭಾವನ ಹೆಸರಿನ ಮೇಲೆ ಗೆರೆ ಎಳೆದಳು. ಕಾಗದ ಹರಿಯುವ ಹಾಗೆ ಎಳೆದಳು.

ಚೊಲ್ಪೊನ್: ಹೋಗಿ ತಾತ, ತಡ ಮಾಡ್ಬೇಡಿ. ಚಿಕ್ಕದಿರುವಾಗ ಸಿಕ್ರೆ ತೆಗೆದುಹಾಕ್ತಾರೆ. (ಹಾಳೆ ನೋಡಿ) ಮತ್ತೆ ಐವತ್ತೊಂಬತ್ತು.

ಭಾವ: ಇವಳನ್ನ ಹಾಕ್ಕೋ. ಗುಂಡುಕಲ್ಲಿನ ಹಾಗಿದಾಳೆ. ನನ್ನನ್ನೇ ಉರುಳಿಸಿದ್ಲು.

ಅವಳು ಕಡ್ಡಿಯನ್ನು ನನ್ನ ಬಟ್ಟಲಿಗೆ ಇಳಿಬಿಟ್ಟಳು. ಕಣ್ಣರಳಿಸಿದಳು.

ಚೊಲ್ಪೊನ್: ಇಪ್ಪತ್ತೆರಡು! ಅಕ್ಕ, ಯಾವಾಗಲೂ ಹೀಗೆ ಆರಿಸಿಯೇ ಕುಡೀತೀರಾ?

ನಾನು: ಚಳಿಗಾಲದಿಂದ.

ಚೊಲ್ಪೊನ್: ಅದಕ್ಕೂ ಮುಂಚೆ?

ನಾನು: ಕುದಿಕುದಿಯೋದನ್ನೇ ಕುಡೀತಿದ್ದೆ. ಇವರಿಗಿಂತ ಬಿಸಿ.

ಚೊಲ್ಪೊನ್: ಅಂದ್ರೆ ಅಭ್ಯಾಸ ಬದಲಾಗಿದೆ! ಐವತ್ತೊಂಬತ್ತು ಜನರಲ್ಲಿ ಒಬ್ರೂ ಬದಲಾಗಿರ್ಲಿಲ್ಲ ಅಕ್ಕ. ಹೇಗೆ ಮಾಡಿದ್ರಿ?

ನಾನು: ನಾನೇನೂ ಮಾಡ್ಲಿಲ್ಲ. ಸುರ್ಕೊಂಡು, ಅವರು ಕೂರ್ತಿದ್ದ ಜಾಗ ನೋಡ್ತಾ ಕೂತಿರ್ತೀನಿ. ನೆನಪಾಗೋ ಹೊತ್ತಿಗೆ ಆರಿರುತ್ತೆ.

ಅವಳ ಪೆನ್ನು ಹಾಳೆಯ ಮೇಲೆ ಚೌಕ ಹುಡುಕಿತು.

ಚೊಲ್ಪೊನ್: ಕಾರಣ ಅಂತ ಮೂರೇ ಚೌಕ ಇವೆ ಅಕ್ಕ. ಕೈಪಿಡಿ, ರೇಡಿಯೋ, ವೈದ್ಯರ ಸಲಹೆ.

ನಾನು: ಇನ್ನೊಂದಿಲ್ವಾ?

ಚೊಲ್ಪೊನ್: ಇಲ್ಲ.

ಭಾವ: (ಎದೆ ಉಜ್ಜಿಕೊಳ್ಳುತ್ತ) ಕೈಪಿಡಿಗೇ ಹಾಕಮ್ಮ. ಪಾಪ, ಅಷ್ಟು ದೂರದಿಂದ ಬಂದಿದೆ. ಬರಿಗೈಲಿ ಕಳಿಸೋದು ನಮ್ಮಲ್ಲಿಲ್ಲ.