ಆಕಾಶ ನೋಡದ ನಕ್ಷತ್ರದವಳು

ನನ್ನ ಮೊಮ್ಮಗಳು ಆರು ವರ್ಷದಿಂದ ನಕ್ಷತ್ರ ಓದುತ್ತಿದ್ದಾಳೆ. ಒಂದು ದಿನವಾದರೂ ಕತ್ತೆತ್ತಿ ಆಕಾಶ ನೋಡಿದ್ದನ್ನು ನಾನು ಕಂಡಿಲ್ಲ! ಮಟಮಟ ಮಧ್ಯಾಹ್ನ ಕಿಟಕಿ ಮುಚ್ಚಿ, ಲ್ಯಾಪ್‌ಟಾಪಿನ ಮುಂದೆ ಕೂತು "ನಕ್ಷತ್ರ ನೋಡಾಕತ್ತೇನಿ" ಎನ್ನುವವಳಿಗೆ ಏನೆನ್ನಬೇಕು?

"ಅಲ್ಲವ್ವಾ, ಚಿಕ್ಕಿ ಇರೂದು ಮ್ಯಾಲ. ನೀ ಪೆಟಿಗ್ಯಾಗ ಏನ ಹುಡುಕ್ತಿ?"

"ಅಜ್ಜಾ, ನಾ ನೋಡೂ ಚಿಕ್ಕಿಯ ಎಕ್ಸ್-ರೇ ನಮ್ಮ ಗಾಳಿ ದಾಟಿ ಕೆಳಗ ಬರೂದಿಲ್ಲ. ಉಪಗ್ರಹ ಮ್ಯಾಲಿಂದ ನೋಡಿ ಕಳಸ್ತೈತಿ. ತಿಳೀತೇನ?"

"ಹ್ಞಾಂ, ತಿಳೀತು." ಶುದ್ಧ ಸುಳ್ಳು!

ನಾನು ಕಿವುಡ. ಇಚಲಕರಂಜಿಯ ಮಗ್ಗಗಳ ಖಟಾಖಟ್ ನನ್ನ ಕಿವಿಗಳನ್ನು ತಿಂದುಹಾಕಿತು. ಆ ಗದ್ದಲದಲ್ಲಿ ನಾವು ನೇಕಾರರು ಹರಟುತ್ತಿದ್ದುದೇ ಕೈಸನ್ನೆಯಲ್ಲಿ, ತುಟಿಯಲ್ಲಿ. ನನಗೆ ಬುತ್ತಿ ತರುತ್ತಿದ್ದ ಈ ಪೋರಿ ಆ ಭಾಷೆಯನ್ನೆಲ್ಲ ಕಲಿತಳು. ಬೈಗುಳ ಮೊದಲು!

ಗಡಹಿಂಗ್ಲಜದ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲೇ ಅವಳ ಪಾಠ ಶುರು. "ಜೋಡಿ ನಕ್ಷತ್ರರೀ. ಸಣ್ಣದು ಶಿರೋಳ ತಾಲೂಕಿನಷ್ಟೂ ಇಲ್ಲ, ಸೂರ್ಯಗಿಂತ ಭಾರ! ಜೋಡೀದಾರನ ಮೈಯಾನ ಅನಿಲ ಎಳಕೊಂತೈತಿ. ಅದು ಬೀಳೂವಾಗ ಕಾದು ಎಕ್ಸ್-ರೇ ಬಿಡ್ತೈತಿ."

ವರನ ತಾಯಿ ಹೋಳಿಗೆ ಕೆಳಗಿಟ್ಟರು. "ಸಣ್ಣದಂದ್ರ ಯಾರವಾ, ನಮ್ಮ ಸೊಸೀನ?"

ವರ ವಧುವನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ, ಪಾಪ!

ಕೊಲ್ಹಾಪುರದಲ್ಲಿ ಅವಳ ಕೊನೆಯ ಪರೀಕ್ಷೆ. ದೊಡ್ಡ ದೊಡ್ಡ ಮಾಸ್ತರರ ಮುಂದೆ ನಿಂತು ಬಾಯಲ್ಲೇ ಉತ್ತರ ಹೇಳಬೇಕಂತೆ. "ಬಾಯಿ ಕಟ್ಟಿತಂದ್ರ ಆರು ವರ್ಷ ನೀರಾಗ, ಅಜ್ಜಾ" ಎಂದಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತೆ, ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು.

ಕನ್ನಡಕದ ಮಾಸ್ತರರೊಬ್ಬರು ಏನೋ ಕೇಳಿದರು. ಅವಳ ತುಟಿ ನಿಂತೇಬಿಟ್ಟಿತು! ಕಣ್ಣು ಅಲೆದು ಅಲೆದು ನನ್ನ ಮೇಲೆ ಬಿತ್ತು. ನನ್ನ ಕೈ ತಾನಾಗಿಯೇ ಎದ್ದಿತು: ಎರಡು ಬೆರಳು ಉಜ್ಜಿ, ಅಂಗೈ ಮುಂದಕ್ಕೆ ತಳ್ಳಿದೆ. ನಮ್ಮ ಕಾರ್ಖಾನೆಯಲ್ಲಿ ಅದರರ್ಥ, 'ಎಳೆ ಕಡಿದಿದೆ ಅಷ್ಟೇ, ಗಂಟು ಹಾಕು, ಮಗ್ಗ ನಡೆಸು.'

ಅವಳು ನಕ್ಕಳು. ಆಮೇಲೆ ಬಾಯಿಯ ಜೊತೆ ಕೈಯೂ ಮಾತಾಡತೊಡಗಿತು. ಎಡಗೈ ಮುಷ್ಟಿ ಆ ಭಾರದ ಸಣ್ಣದು, ಬಲ ಅಂಗೈ ಅದರ ಜೋಡಿ. ಅಂಗೈಯಿಂದ ಎಳೆ ಎಳೆದು ಮುಷ್ಟಿಗೆ ಸುತ್ತಿದಳು, ಕಂಡಿಕೆಗೆ ನೂಲು ಸುತ್ತಿದ ಹಾಗೆ. ಸುತ್ತಿ ಸುತ್ತಿ, ಒಳಗೆ ಬಿದ್ದದ್ದೇ ಹತ್ತೂ ಬೆರಳು ಫಳ್ಳನೆ ಅರಳಿದವು!

ಅವಳಾಡಿದ ಇಂಗ್ಲಿಷಿನ ಒಂದು ಮಾತೂ ನನಗೆ ಸಿಕ್ಕಲಿಲ್ಲ. ಕೊನೆಗೆ ಎಲ್ಲರ ಕೈ ಚಪ್ಪಾಳೆ ತಟ್ಟಿದ್ದು ಮಾತ್ರ ಕಂಡಿತು. ಆ ಕೈಗಳ ನಡುವಿನಿಂದ ಅವಳು ನನ್ನತ್ತ ತಿರುಗಿ, ಸದ್ದಿಲ್ಲದೆ ತುಟಿಯಾಡಿಸಿದಳು:

"ಅಜ್ಜಾ, ತಿಳೀತೇನ?"

ಹ್ಞಾಂ ಎಂದು ಗೋಣು ಹಾಕಿದೆ. ಈ ಸಲ ಸುಳ್ಳಾಡಲಿಲ್ಲ.