ಪುಟಣ್ಣನ ಮದರ್‌ಬೋರ್ಡು

ಪಾಠಪುಸ್ತಕವೊಂದರ ಕೆಲಸದ ನಡುವೆಯೇ ಪುಟಣ್ಣನ ಕಂಪ್ಯೂಟರು ಒಮ್ಮೆ ಕೆಮ್ಮಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು, ಕಣ್ಣು ಮುಚ್ಚಿತು. ಪುಟಣ್ಣನಿಗೆ ದುಃಖವಾಗಲಿಲ್ಲ. ಯಾರಿಗೂ ಕಾಣದಂತೆ ಮೇಜಿನ ಕೆಳಗೆ ಕೈ ಮುಗಿದ.

ಪ್ರೆಸ್ಸಿನಲ್ಲಿ ಪುಟ ಕಟ್ಟುವವನಾದ್ದರಿಂದ ಅವನು ಪುಟಣ್ಣ. ಸ್ವಂತ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಚಿತ್ರವಿರುವ ಒಂದು ಪುಟ ತೆರೆಯಲು ಆ ಕಂಪ್ಯೂಟರು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಒಬ್ಬ ಮನುಷ್ಯ ಊಟ ಮುಗಿಸಿ ಕೈ ತೊಳೆದು ಬರಬಹುದಿತ್ತು. ಹೀಗಾಗಿ ಪುಟಣ್ಣ ಮನೆ ಸೇರುವಾಗ ಮಗಳು ಮಲಗಿರುತ್ತಿದ್ದಳು. ಅವನು ಏಳುವಾಗ ಶಾಲೆಗೆ ಹೋಗಿರುತ್ತಿದ್ದಳು. “ನಮ್ಮಪ್ಪ ಭಾನುವಾರ ಮಾತ್ರ ಬರ್ತಾರೆ” ಎಂದು ಅವಳು ಗೆಳತಿಗೆ ಹೇಳಿದ್ದನ್ನು ಹೆಂಡತಿ ನಗುತ್ತಲೇ ವರದಿ ಮಾಡಿದ್ದಳು. ಪುಟಣ್ಣನಿಗೆ ನಗು ಬಂದಿರಲಿಲ್ಲ.

ಯಜಮಾನರು ಬಂದು ಮೂಸಿ ನೋಡಿದರು.

“ಹೊಸದೇ ಕಟ್ಟಿಸೋಣ. ಪರದೆ ಹಳೇದೇ ಇರ್ಲಿ. ಮದರ್‌ಬೋರ್ಡು, ಪ್ರೊಸೆಸರ್ರು ನೀನೇ ಆರಿಸ್ಕೊಂಡು ಬಾ. ಸಂಜೆಯೊಳಗೆ ಕೆಲ್ಸ ಶುರುವಾಗ್ಬೇಕು.”

“ನಾನಾ ಸಾರ್?”

“ದಿನವಿಡೀ ಅದರ ಮುಂದೆ ಕೂತಿರೋನು ನೀನು. ನಿನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?”

ದಿನವಿಡೀ ಬಸ್ಸಿನಲ್ಲಿ ಕೂತವನಿಗೆ ಎಂಜಿನ್ನು ಬಿಚ್ಚಲು ಬರಬೇಕು ಎಂದಂತಾಯಿತು.

ಸುದ್ದಿ ಹರಡಿತು. ಲೆಕ್ಕ ನೋಡುವ ಅಕ್ಕ ಮೊದಲು ಬಂದರು. “ಮದರ್‌ಬೋರ್ಡು ಗಟ್ಟಿಯಾಗಿರೋದು ತಗೋ. ಮನೇಲಿ ತಾಯಿ ಗಟ್ಟಿಯಾಗಿದ್ರೆ ತಾನೆ ಸಂಸಾರ ನಡೆಯೋದು?”

ಕಂಪ್ಯೂಟರ್ ಆಟದ ಹುಚ್ಚಿನ ಭಾವಮೈದನಿಗೆ ಪುಟಣ್ಣನೇ ಫೋನು ಮಾಡಿದ. “ಬೋರ್ಡಲ್ಲೇನಿದೆ ಭಾವ? ಪ್ರೊಸೆಸರ್ ನೋಡಿ. ಕೋರ್ ಜಾಸ್ತಿ ಇರ್ಬೇಕು.”

“ಕೋರ್ ಅಂದ್ರೆ?”

“ಒಳಗೆ ಕೆಲ್ಸ ಮಾಡೋ ಆಳುಗಳು ಅಂದ್ಕೊಳ್ಳಿ. ಆಳು ಹೆಚ್ಚಿದ್ದಷ್ಟೂ ಕೆಲ್ಸ ಬೇಗ.”

ಪುಟಣ್ಣ ಪ್ರೆಸ್ಸಿನ ಆಳುಗಳನ್ನೊಮ್ಮೆ ತಿರುಗಿ ನೋಡಿದ. ಮಾತು ನಂಬಲು ಕಷ್ಟವಾಯಿತು.

ಕರಡು ತಿದ್ದುವ ತಪ್ಪುರಾಯರು ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಕುಡಿಯಲು ನೀರು ಕೊಟ್ಟರೂ ಅದರಲ್ಲಿ ಕಾಗುಣಿತ ನೋಡುವ ಮನುಷ್ಯ. “ನೀನೊಬ್ನೇ ಹೋದ್ರೆ ಟೋಪಿ ಹಾಕಿ ಕಳಿಸ್ತಾರೆ. ನಡಿ.”

ಅಂಗಡಿಯ ಗೋಡೆ ತುಂಬ ಪೆಟ್ಟಿಗೆಗಳು. ಪೆಟ್ಟಿಗೆ ತುಂಬ ಬೆಂಕಿ, ಕತ್ತಿ, ಬಾಯಿ ತೆರೆದ ಮೃಗಗಳು. ಪುಟ ಕಟ್ಟಲು ಇಷ್ಟೆಲ್ಲ ಯಾಕೆ ಬೇಕೋ ಪುಟಣ್ಣನಿಗೆ ತಿಳಿಯಲಿಲ್ಲ.

“ಯಾವ ಸಾಕೆಟ್ಟು ಸಾರ್?” ಎಂದ ಅಂಗಡಿಯವನು.

“ನಮ್ಮ ಗೋಡೇಲಿರೋದು ಮೂರು ತೂತಿಂದು.”

ಅಂಗಡಿಯವನು ಅವನನ್ನು ಮರುಕದಿಂದ ನೋಡಿದ. “ಅದಲ್ಲ ಸಾರ್. ಬೋರ್ಡಿನ ಮೇಲೆ ಪ್ರೊಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತೀವಿ. ಎಲ್ಲದರ ಮೇಲೂ ಎಲ್ಲಾ ಕೂರಲ್ಲ. ಈಗ ನೋಡಿ—”

ಅಷ್ಟರಲ್ಲಿ ತಪ್ಪುರಾಯರು ಒಂದು ಪೆಟ್ಟಿಗೆಗೆ ಅಂಟಿಸಿದ್ದ ಕನ್ನಡ ಚೀಟಿಯನ್ನು ಬೆಳಕಿಗೆ ಹಿಡಿದು, “ಇಲ್ಲೊಂದು ಒತ್ತಕ್ಷರ ಬಿಟ್ಟಿದೀರಲ್ರೀ!” ಎಂದು ಗದರಿದರು. ಅದು ತಾನು ಮುದ್ರಿಸಿದ್ದಲ್ಲವೆಂದು ಅಂಗಡಿಯವನು ವಾದಿಸಿದ. ಮಾರುವವರೇ ಹೊಣೆಯೆಂದು ರಾಯರು ಜಗ್ಗಲಿಲ್ಲ. ಜಗಳ ಮುಗಿಯುವ ಹೊತ್ತಿಗೆ ಸಾಕೆಟ್ಟಿನ ಪಾಠ ಎಲ್ಲಿಗೆ ನಿಂತಿತ್ತೆಂಬುದು ಯಾರಿಗೂ ನೆನಪಿರಲಿಲ್ಲ. ಮತ್ತೆ ಕೇಳಲು ಪುಟಣ್ಣನಿಗೆ ನಾಚಿಕೆ. ಅಕ್ಕ ಹೇಳಿದಂತೆ ಕೈಗೆ ಭಾರವೆನಿಸಿದ ಬೋರ್ಡನ್ನೂ, ಭಾವಮೈದ ಹೇಳಿದಂತೆ ಆಳು ಹೆಚ್ಚಿದ್ದ ಪ್ರೊಸೆಸರನ್ನೂ ತೋರಿಸಿ, ಚೀಲಕ್ಕೆ ಹಾಕಿಸಿಕೊಂಡು ಬಂದ.

ಜೋಡಿಸುವ ಮೆಕ್ಯಾನಿಕ್ಕು ಪ್ರೆಸ್ಸಿಗೆ ಬಂದು ಎರಡನ್ನೂ ಬಿಚ್ಚಿಟ್ಟು, ಹಣೆ ಒರೆಸಿಕೊಂಡ. “ಬೋರ್ಡು ಒಂದು ಕಂಪನೀದು, ಪ್ರೊಸೆಸರ್ ಇನ್ನೊಂದು ಕಂಪನೀದು. ಎತ್ತು ಏರಿಗೆ, ಕೋಣ ನೀರಿಗೆ. ಕೂರಲ್ಲ ಸಾರ್.”

“ಸ್ವಲ್ಪ ಒತ್ತಿ ನೋಡಪ್ಪ,” ಎಂದರು ಅಕ್ಕ. “ಹೊಸ ಚಪ್ಪಲಿ ಮೊದ್ಮೊದ್ಲು ಬಿಗೀನೇ ಇರುತ್ತೆ.”

ಮೆಕ್ಯಾನಿಕ್ಕು ಬೋರ್ಡನ್ನು ಹಸುಗೂಸಿನಂತೆ ಎದೆಗವಚಿಕೊಂಡ.

“ನಾನಾಗ್ಲೇ ಹೇಳ್ದೆ,” ಎಂದರು ತಪ್ಪುರಾಯರು. ಹೇಳಿರಲಿಲ್ಲ.

ಪುಟಣ್ಣ ಮತ್ತೆ ಬಿಸಿಲಿಗಿಳಿದ. ರಾಯರೂ ಇಳಿದರು. ಈ ಸಲ ಬೋರ್ಡಿಗೆ ಹೊಂದುವ ಪ್ರೊಸೆಸರ್ ಬಂತು. ಅದು ಕೂತಿತು, ಫ್ಯಾನು ತಿರುಗಿತು, ದೀಪ ಮಿನುಗಿತು. ಎಲ್ಲರೂ ಪರದೆಯತ್ತ ಬಗ್ಗಿದರು. ಪರದೆ ಮಾತ್ರ ಕಪ್ಪಗೇ ಇತ್ತು.

“ಅಯ್ಯೋ, ಇದರಲ್ಲಿ ಗ್ರಾಫಿಕ್ಸ್ ಇಲ್ವಲ್ಲ ಸಾರ್,” ಎಂದ ಮೆಕ್ಯಾನಿಕ್ಕು. “ಒಳಗೊಳಗೇ ಎಲ್ಲಾ ಯೋಚ್ನೆ ಮಾಡುತ್ತೆ. ಹೊರಗೆ ಏನೂ ತೋರ್ಸಲ್ಲ.”

“ನಮ್ಮನೆ ಯಜಮಾನ್ರ ಥರ,” ಎಂದು ಅಕ್ಕ ಲೆಕ್ಕಕ್ಕೆ ಮರಳಿದರು.

ಊಟವೂ ಇಲ್ಲದೆ ಪುಟಣ್ಣ ಮತ್ತೆ ಹೊರಟ. ರಾಯರು ಕಾಫಿಗೆ ಹೋಗಿದ್ದ ಸಮಯ ನೋಡಿ ಹಿಂಬಾಗಿಲಿನಿಂದ ಜಾರಿದ್ದನಾದ್ದರಿಂದ, ಅಂಗಡಿಯಲ್ಲಿ ಮೊದಲ ಬಾರಿಗೆ ಕೂತು ಪೆಟ್ಟಿಗೆಯ ಮೇಲಿದ್ದುದನ್ನೆಲ್ಲ ಸಮಾಧಾನವಾಗಿ ಓದಿದ, ಕೇಳಿದ, ತಿಳಿದುಕೊಂಡ. ಪಕ್ಕದಲ್ಲಿ ಕಂಗಾಲಾಗಿ ನಿಂತಿದ್ದ ಗಿರಾಕಿಯೊಬ್ಬ ಇವನನ್ನೇ ಅಂಗಡಿಯವನೆಂದು ತಿಳಿದು, “ಯಾವುದು ತಗೊಳ್ಳಲಿ ಸಾರ್?” ಎಂದಾಗ, “ಮೊದ್ಲು ಪ್ರೊಸೆಸರ್ ಆರಿಸಿ, ಆಮೇಲೆ ಅದರ ಸಾಕೆಟ್ಟಿರೋ ಬೋರ್ಡು. ಗ್ರಾಫಿಕ್ಸ್ ಇದೆಯಾ ಕೇಳಿ” ಎಂದ. ತನ್ನ ಬಾಯಿಂದ ಬಂದದ್ದು ತನಗೇ ನಂಬಿಕೆಯಾಗಲಿಲ್ಲ.

ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ, ಅವನು ತಂದ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೂತು, ಪರದೆ ಬೆಳಗಿತು. ಪುಟಣ್ಣ ಚಿತ್ರಗಳಿಂದ ಕಿಕ್ಕಿರಿದ ಪುಟವೊಂದನ್ನು ಒತ್ತಿದ. ಬೆರಳು ಎತ್ತುವ ಮೊದಲೇ ಅದು ತೆರೆದಿತ್ತು. ಅವನ ಕಣ್ಣು ತುಂಬಿತು.

“ಭಲೇ!” ಎಂದರು ಹಿಂದೆ ನಿಂತಿದ್ದ ಯಜಮಾನರು. “ಎಷ್ಟು ಬೇಗ ಆಗುತ್ತಪ್ಪ ಕೆಲ್ಸ?”

“ಹಗಲಿಡೀ ಮಾಡ್ತಿದ್ದದ್ದು ಮಧ್ಯಾಹ್ನಕ್ಕೇ ಮುಗಿಯುತ್ತೆ ಸಾರ್!” ಪುಟಣ್ಣ ಉಬ್ಬಿಹೋದ. ಸಾಕೆಟ್ಟಿನಿಂದ ಹಿಡಿದು ಕೋರಿನವರೆಗೆ ಎಲ್ಲವನ್ನೂ ವಿವರಿಸಿದ. ತಪ್ಪುರಾಯರಿಗೂ ಅದರಲ್ಲಿ ತಪ್ಪು ಸಿಗಲಿಲ್ಲ.

ಯಜಮಾನರು ಒಳಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಮಾತಾಡಿ, ನಗುತ್ತ ಬಂದರು.

“ಪುಟಣ್ಣ, ನೀನೀಗ್ಲೇ ಮನೆಗೆ ಹೋಗು. ಇನ್ಮೇಲೆ ಹಗಲು ನಿನಗೆ ಬಿಡುವು.”

ಪುಟಣ್ಣ ಅವರ ಕಾಲಿಗೆ ಬೀಳುವುದೊಂದು ಬಾಕಿ.

“ಇನ್ನೊಂದು ಪ್ರಕಾಶನದ ಪುಸ್ತಕಗಳನ್ನೂ ಒಪ್ಕೊಂಡೆ. ಇಂಥಾ ಮೆಷಿನ್ನು ಸುಮ್ನೆ ಕೂರಬಾರದು ನೋಡು. ಹಗಲಿಗೊಬ್ಬ ಹೊಸಬ ಬರ್ತಾನೆ. ರಾತ್ರಿ ಪಾಳಿ ನಿನ್ನದು.”

“ರಾತ್ರಿ... ಹೊಸಬನೇ ಬರ್ಲಿ ಸಾರ್...”

“ಅದೆಂಗಾಗುತ್ತೆ? ರಾತ್ರಿ ಕೆಟ್ರೆ ಅಂಗಡಿ ಇರಲ್ಲ, ಮೆಕ್ಯಾನಿಕ್ಕೂ ಇರಲ್ಲ. ಒಳಗಿಂದೆಲ್ಲ ತಿಳಿದೋನು ಪ್ರೆಸ್ಸಲ್ಲಿ ನೀನೊಬ್ನೇ. ಇವತ್ತಿಂದ್ಲೇ. ಊಟ ಮಾಡ್ಕೊಂಡು ಬಂದ್ಬಿಡು.”

ಬೀದಿಯಲ್ಲಿ ಇನ್ನೂ ಬೆಳಕಿತ್ತು. ಬಾಗಿಲು ತೆರೆದ ಮಗಳು ಅವನನ್ನು ನೋಡಿ ಒಳಗೆ ಓಡಿದಳು. “ಅಮ್ಮಾ, ಅಪ್ಪ ಬಂದ್ಬಿಟ್ಟಿದಾರೆ! ಜ್ವರ ಬಂದಿದೆ ಅನ್ಸುತ್ತೆ!”

ಜ್ವರವಿಲ್ಲವೆಂದು ಹಣೆ ಮುಟ್ಟಿಸಿ ಖಾತ್ರಿ ಮಾಡಿದ ಮೇಲೆ ಅವಳು ಅವನ ತೊಡೆಯೇರಿ ಕೂತು, ಶಾಲೆಯ ಕತೆ ತೆಗೆದಳು. ಬಣ್ಣದ ಪೆನ್ಸಿಲು ಕದ್ದವಳು ಯಾರು, ಟೀಚರು ಯಾಕೆ ಅತ್ತರು, ಬೆಕ್ಕು ತರಗತಿಗೆ ಹೇಗೆ ಬಂತು. ಪುಟಣ್ಣ ಗೋಡೆಗೊರಗಿ, ಹ್ಞೂಂಗುಟ್ಟಿದ. ಬೆಕ್ಕು ಬಾಗಿಲಿಗೆ ಬಂದದ್ದು ಅವನಿಗೆ ಕೇಳಿಸಿತು. ಒಳಗೆ ಬಂದದ್ದು ಕೇಳಿಸಲಿಲ್ಲ.

ಯಾರೋ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ, ಮಗಳು ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ಏಳಪ್ಪಾ, ಕೆಲ್ಸಕ್ಕೆ ಹೊತ್ತಾಯ್ತಂತೆ.”